ನಲವತ್ತೊಂದು, ಎಂಬತ್ತೆಂಟು

ರಾತ್ರಿ ಒಂಬತ್ತೂಕಾಲಿಗೆ ಯಾರೋ ಬಾಗಿಲು ತಟ್ಟಿದರು. ಮೂರು ಸಲ. ಆತುರವಿಲ್ಲದೆ, ಆದರೆ ತೆರೆಯುವವರೆಗೆ ಹೋಗುವುದಿಲ್ಲ ಎಂಬಂತೆ.

ಪ್ರತಿಮಾ ತೆರೆದಾಗ ಮೆಟ್ಟಿಲ ಮೇಲೆ ಹರ್ಷವರ್ಧನ ನಿಂತಿದ್ದ. ಸಾಗರದ ಸೊರಬ ರಸ್ತೆಯ ಆಫೀಸಿನಲ್ಲಿ ಆರು ತಿಂಗಳಿಂದ ಅವಳ ಎದುರು ಮೇಜಿನಲ್ಲಿ ಕೂರುವವನು. ಈ ಆರು ತಿಂಗಳಲ್ಲಿ ಒಂದು ದಿನವೂ ಅವಳ ಬಾಡಿಗೆ ಕೋಣೆಯ ಗೇಟು ದಾಟಿ ಬಂದವನಲ್ಲ.

"ನಿಮ್ಮ ರಫ್ ನೋಟ್‌ಬುಕ್ ಬೇಕಿತ್ತು."

"ಈಗಲಾ?"

"ಈಗಲೇ."

"ಎಂತಕ್ಕೆ?"

ಯಾವಾಗಲೂ ನಗೆಯನ್ನು ಅಡಗಿಸಿಟ್ಟುಕೊಂಡಂತಿರುವ ಅವನ ತುಟಿಗಳ ಅಂಚು ಇಂದು ಬಿಗಿದಿತ್ತು. ಬೈಕಿನಲ್ಲಿ ಬಂದ ಧೂಳು ಹುಬ್ಬಿನ ಮೇಲೆ ಹಾಗೆಯೇ ಕೂತಿತ್ತು.

ಪಕ್ಕದ ಜಗಲಿಯಿಂದ ಮನೆಯ ಒಡತಿ ಜಲಜಮ್ಮನ ದನಿ ಬಂತು. "ಯಾರೇ ಪ್ರತಿಮಾ, ಈ ಹೊತ್ತಿಗೆ?"

"ಆಫೀಸಿನವರು ಅತ್ತೆ."

"ಒಳಗಾದ್ರೂ ಕರಿ, ಇಲ್ಲ ಮನೆಗಾದ್ರೂ ಕಳ್ಸು. ಬಾಗಿಲು ತೆಕ್ಕೊಂಡು ನಿಂತ್ರೆ ಸೊಳ್ಳೆ ಎಲ್ಲ ನನ್ನ ಕಡೆಗೇ ಬರ್ತವೆ."

ಇನ್ನೊಂದು ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಪ್ರತಿಮಾ ಒಳಗೆ ಹೋಗಿ, ನೀಲಿ ರಟ್ಟಿನ ನೋಟ್‌ಬುಕ್ ತಂದುಕೊಟ್ಟಳು. ಅದನ್ನು ಅವನು ತೆರೆದೂ ನೋಡದೆ ಜಾಕೆಟ್ಟಿನೊಳಗೆ ಇಟ್ಟುಕೊಂಡ.

"ನಾಳೆ ಯಾರಾದ್ರೂ ನನ್ನ ಬಗ್ಗೆ ಕೇಳಿದ್ರೆ, ನಿಮಗೆ ಗೊತ್ತಿರೋದಷ್ಟೇ ಹೇಳಿ."

"ನನಗೇನು ಗೊತ್ತು?"

"ಏನೂ ಇಲ್ಲ. ಅದನ್ನೇ ಹೇಳಿ."

ಹೊರಡುವ ಮುನ್ನ ಅವನು ಅವಳ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದ. ನಾಳೆಯಿಂದ ನೋಡಲು ಸಿಗದಿರಬಹುದಾದ್ದನ್ನು ನೋಡುವ ರೀತಿಯದು ಆ ನೋಟ. ಬೈಕಿನ ಸದ್ದು ತಿರುವಿನಲ್ಲಿ ಮರೆಯಾಯಿತು.

ಏಳು ನಿಮಿಷದ ಬಳಿಕ ಅವಳ ಫೋನಿಗೆ ಮ್ಯಾನೇಜರ್ ಮಧುಸೂದನರ ಸಂದೇಶ ಬಂತು: ಲಾಕ್ ಆದ ಮೇಲೆ ಒಂದು ರೇಟಿಂಗ್ ಬದಲಾಗಿದೆ. ನಾಳೆ ಬೆಳಿಗ್ಗೆ ಎಲ್ಲರೂ ತಮ್ಮ ರಫ್ ನೋಟ್‌ಬುಕ್ ಒಪ್ಪಿಸತಕ್ಕದ್ದು.

ಪ್ರತಿಮಾ ಬಾಗಿಲ ಕಡೆ ನೋಡಿದಳು. ಚಿಲಕ ಹಾಕಲು ಮರೆತಿದ್ದಳು.

*

ಅವರ ಕೆಲಸವನ್ನು ಊರಿನವರಿಗೆ ವಿವರಿಸುವುದು ಸುಲಭವಾಗಿರಲಿಲ್ಲ. ಸಾಗರದವರು ಯಾರೂ ಆಡದ ಬೇಸ್‌ಬಾಲ್ ಎಂಬ ಆಟ. ಆ ಆಟದ ವಿಡಿಯೊ ಗೇಮ್ ಒಂದನ್ನು ಕಡಲಾಚೆಯ ಕಂಪನಿಯೊಂದು ತಯಾರಿಸುತ್ತಿತ್ತು. ಮೈದಾನದಲ್ಲಿ ನಿಜವಾಗಿ ಆಡುವ ಆಟಗಾರರ ಅಂಕಿಅಂಶಗಳು ಸಾಗರಕ್ಕೆ ಬರುತ್ತಿದ್ದವು. ಒಬ್ಬ ಎಷ್ಟು ಬಾರಿಸಿದ, ಎಷ್ಟು ಓಡಿದ, ಎಷ್ಟು ಎಸೆತ ಬಿಟ್ಟ ಎಂಬುದನ್ನೆಲ್ಲ ತೂಗಿ, ಬಲ, ವೇಗ, ಸಂಯಮ ಎಂಬ ಒಂದೊಂದು ಗುಣಕ್ಕೂ ನೂರರೊಳಗೆ ಒಂದು ಅಂಕ ಕೊಡಬೇಕು. ಆ ಅಂಕದಷ್ಟೇ ಆ ಮನುಷ್ಯ ಪರದೆಯ ಮೇಲೆ ಆಡುತ್ತಾನೆ.

ಪ್ರತಿ ಆಟಗಾರನನ್ನೂ ಇಬ್ಬರು ಬೇರೆ ಬೇರೆಯಾಗಿ ತೂಗಬೇಕೆಂಬುದು ನಿಯಮ. ಇಬ್ಬರೂ ತಮ್ಮ ಅಂಕವನ್ನು ಚೀಟಿಯಲ್ಲಿ ಬರೆದು ಮುಚ್ಚಿಡುತ್ತಾರೆ. ಸಂಜೆ ಒಟ್ಟಿಗೆ ತೆರೆಯುತ್ತಾರೆ. ಅಂತರ ಹತ್ತಕ್ಕಿಂತ ಹೆಚ್ಚಾದರೆ ಎದುರು ಬದುರು ಕೂತು ಜಗಳವಾಡಿ ತೀರ್ಮಾನಿಸಬೇಕು. ಆಮೇಲೆ ಅಂಕ ಲಾಕ್ ಆಗುತ್ತದೆ, ಮತ್ತೆ ಯಾರೂ ತಿದ್ದುವಂತಿಲ್ಲ. ಯಾರಿಗಾದರೂ ಒಬ್ಬ ಆಟಗಾರನ ಮೇಲೆ ಒಲವಿದ್ದರೆ ಅದನ್ನು ಫಾರಂನಲ್ಲಿ ಬರೆದುಕೊಟ್ಟು ಹಿಂದೆ ಸರಿಯಬೇಕು. ಒಲವಿದ್ದವರ ಅಂಕ ಲೆಕ್ಕಕ್ಕಿಲ್ಲ.

ಪ್ರತಿಮಾಳ ಜೋಡಿ ಹರ್ಷ. ಚೀಟಿ ತೆರೆಯುವ ಸಂಜೆಗಳಿಗಾಗಿ ಅವಳು ಇಡೀ ದಿನ ಕಾಯುತ್ತಿದ್ದಳು ಎಂಬುದು ಅವಳ ಇನ್ನೊಂದು ಮುಚ್ಚಿದ ಚೀಟಿ.

ಅವನಿಗೆ ಎಲ್ಲಕ್ಕೂ ಅಂಕ ಕೊಡುವ ಚಾಳಿ. ಕೆಳಗಿನ ಕ್ಯಾಂಟೀನಿನ ಬನ್ಸ್‌ಗೆ ಎಪ್ಪತ್ತನಾಲ್ಕು. ಮಧುಸೂದನರ ಗದರಿಕೆಗೆ ಮೂವತ್ತು, "ದನಿ ಇದೆ, ಧಾಟಿ ಇಲ್ಲ." ಒಮ್ಮೆ ಅವಳೇ ಕೇಳಿದ್ದಳು.

"ನನಗೆಷ್ಟು?"

"ನಿಮಗೆ ಇನ್ನೂ ಸ್ಯಾಂಪಲ್ ಸಾಲದು. ದಿನಕ್ಕೆ ಎಂಟು ಗಂಟೆ ಮಾತ್ರ ಸಿಗ್ತೀರಿ."

ಅವಳು ಚಹಾದ ಲೋಟವನ್ನು ತುಟಿಗಿಟ್ಟುಕೊಂಡು ಮುಖ ಮರೆಸಿಕೊಂಡಿದ್ದಳು. ಲೋಟ ಆಗಲೇ ಖಾಲಿಯಾಗಿತ್ತು. ಅದನ್ನು ಅವನು ಗಮನಿಸಿದ್ದ. ಗಮನಿಸಿದ್ದನ್ನು ಅವಳೂ ಗಮನಿಸಿದ್ದಳು.

ಬೇಸ್‌ಬಾಲಿನ ವಾಕ್ ಎಂಬುದನ್ನು ಅವನಿಗೆ ಹೇಳಿಕೊಟ್ಟವಳು ಅವಳೇ. ಎಸೆಯುವವನು ನಾಲ್ಕು ಸಲ ಅಳತೆ ತಪ್ಪಿ ಎಸೆದು, ಬ್ಯಾಟರ್ ಆ ನಾಲ್ಕನ್ನೂ ಬಾರಿಸದೆ ಬಿಟ್ಟರೆ, ಮೊದಲ ಬೇಸ್‌ಗೆ, ಎಂದರೆ ಓಟದ ಮೊದಲ ನಿಲ್ದಾಣಕ್ಕೆ, ನಡೆದುಕೊಂಡೇ ಹೋಗಬಹುದು.

"ಬಿಡೋದೂ ಒಂದು ಆಟ. ಅದಕ್ಕೇ ಸಂಯಮಕ್ಕೆ ಬೇರೆ ಅಂಕ," ಎಂದಿದ್ದಳು.

"ಹಾಗಾದ್ರೆ ನನಗೆಷ್ಟು ಕೊಡ್ತೀರಿ? ಆರು ತಿಂಗಳಿಂದ ಒಂದು ಮಾತು ಹೇಳದೆ ಬಿಟ್ಕೊಂಡು ಬಂದಿದೀನಿ."

ಆ ಮಾತು ಯಾವುದೆಂದು ಅವಳು ಕೇಳಿರಲಿಲ್ಲ. ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದ. ಆಮೇಲೆ ಕಾಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

*

ಶುಕ್ರವಾರ ಬೆಳಿಗ್ಗೆ ಆಫೀಸಿನಲ್ಲಿ ಯಾರೂ ಫ್ಯಾನ್ ಹಾಕಿರಲಿಲ್ಲ. ಮಧುಸೂದನರ ಮೇಜಿನ ಮೇಲೆ ನೋಟ್‌ಬುಕ್‌ಗಳ ರಾಶಿ. ಅವರು ಫೋನಿನಲ್ಲಿ ಮನೆಗೆ ಹೇಳುತ್ತಿದ್ದರು, "ಎಂತ ಇಲ್ಲೆ, ಊಟಕ್ಕೆ ಕಾಯಡ. ಆಮೇಲೆ ಬತ್ತೆ." ಫೋನ್ ಇಟ್ಟು ಪ್ರತಿಮಾಳ ಕಡೆ ತಿರುಗಿದಾಗ ದನಿ ಬೇರೆಯಾಯಿತು.

"ನಿಮ್ಮ ನೋಟ್‌ಬುಕ್?"

"ತಂದಿಲ್ಲ ಸರ್. ಮಧ್ಯಾಹ್ನ ಕೊಡ್ತೀನಿ."

ಸುಳ್ಳಲ್ಲ. ಆದರೆ ನಿಜವೂ ಅಲ್ಲ. ನಾಲಿಗೆ ಏಕೆ ಅವನನ್ನು ಕಾಪಾಡಿತೆಂದು ಅವಳಿಗೇ ತಿಳಿಯಲಿಲ್ಲ.

ಮಧುಸೂದನರು ಕಂಪ್ಯೂಟರನ್ನು ಅವಳತ್ತ ತಿರುಗಿಸಿದರು. ಕಾರ್ಟರ್ ವೇಲ್. ಸಣ್ಣ ಊರಿನ ಸಣ್ಣ ತಂಡದ ಬ್ಯಾಟರ್. ಸಂಯಮದ ಅಂಕ ಬುಧವಾರ ಸಂಜೆ ಆರಕ್ಕೆ ಲಾಕ್ ಆದಾಗ ನಲವತ್ತೊಂದು. ಅದೇ ರಾತ್ರಿ ಒಂಬತ್ತು ಹನ್ನೆರಡಕ್ಕೆ ಎಂಬತ್ತೆಂಟು.

"ಲಾಕ್ ಆದ ಕೂಡಲೇ ಕಂಪನಿಯವರು ಒಂದು ಪ್ರತಿ ತೆಗೆದಿಡ್ತಾರೆ. ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ. ಹಂಗಾಗಿ ಸಿಕ್ಕಿಬಿತ್ತು. ಲಾಗಿನ್ ಹರ್ಷಂದು. ನಿನ್ನೆ ರಾತ್ರಿ ಫೋನಲ್ಲಿ ಕೇಳ್ದೆ. ಹೌದು ನಾನೇ ಬದಲಿಸಿದ್ದು ಅಂದ. ಯಾಕೆ ಅಂದ್ರೆ ಬಾಯಿ ಬಿಡಲ್ಲ."

"ಕಾರಣ ಇರುತ್ತೆ ಸರ್."

"ಇದೆಯಲ್ಲ. ವೇಲ್‌ನ ಅಭಿಮಾನಿಗಳು ತಿಂಗಳಿಂದ ಇಂಟರ್ನೆಟ್ಟಲ್ಲಿ ಗಲಾಟೆ ಮಾಡ್ತಿದಾರೆ, ನಮ್ಮ ಹುಡುಗನಿಗೆ ಒಳ್ಳೆ ಅಂಕ ಕೊಡಿ ಅಂತ. ಅವರ ಮಾತಿಗೆ ಮರುಳಾಗಿ ಒಳಗಿನವರು ಯಾರೋ ಅಂಕ ಏರಿಸಿದಾರೆ ಅನ್ನೋದು ಕಂಪನಿಯ ಅನುಮಾನ. ಅದು ನಿಜ ಅಂತಾದ್ರೆ, ಹರ್ಷ ಇನ್ನು ಯಾವ ಗೇಮ್‌ಗೂ ರೇಟಿಂಗ್ ಕೊಡೋ ಹಂಗಿಲ್ಲ. ಹೆಸರು ಎಲ್ಲಾ ಕಡೆ ಹೋಗುತ್ತೆ."

ಅವರು ಎರಡು ಬಿಳಿ ಚೀಟಿಗಳನ್ನು ಮೇಜಿನ ಮೇಲಿಟ್ಟರು.

"ಒಬ್ಬನ ಒಪ್ಪಿಗೆ ಸಾಲದಂತೆ. ಜೋಡಿಯಲ್ಲಿ ಇಬ್ಬರೂ ತಪ್ಪು ಯಾರದ್ದು ಅಂತ ಬರೆದು ಮುಚ್ಚಿಡಬೇಕು. ನಾಲ್ಕು ಗಂಟೆಗೆ ತೆಗೀತೀನಿ. ಅವನಿಗೂ ನಿನ್ನೆನೇ ಹೇಳಿದೀನಿ. ಅವನು ಬರದಿದ್ರೆ ನಿಮ್ಮದೊಂದೇ ಸಾಕು. ನೀವು ಬರೆದದ್ದೇ ಕೊನೆ."

ಅವಳು ಚೀಟಿಯನ್ನು ಮುಟ್ಟಲಿಲ್ಲ.

"ಯೋಚನೆ ಮಾಡಿ ಪ್ರತಿಮಾ," ಎಂದರು ಮಧುಸೂದನರು, ತುಸು ಮೆತ್ತಗೆ. "ನಿಮ್ಮ ಹೆಸರಿಗೆ ಆಗಲೇ ಎರಡು ತಪ್ಪಿವೆ. ಮೂರನೇದಕ್ಕೆ ಔಟ್ ಅನ್ನೋದು ನಾನು ಮಾಡಿದ ನಿಯಮ ಅಲ್ಲ, ಆ ಆಟದ್ದೇ. ಸೋಮವಾರದಿಂದ ಹೆಣ್ಮಕ್ಕಳ ಲೀಗಿನ ರೇಟಿಂಗ್‌ಗೆ ನೀವೇ ಮುಖ್ಯಸ್ಥೆ. ಇವನ ಗೊಂದಲದಲ್ಲಿ ಕೈ ಹಾಕಿ ಅದನ್ನ ಕಳ್ಕೋಬೇಡಿ."

ಹೊಸನಗರದ ಮೈದಾನದಲ್ಲಿ ಅವಳ ಅಪ್ಪ ಮಾಸ್ತಪ್ಪ ಮೂವತ್ತು ವರ್ಷ ಕ್ರಿಕೆಟ್ ಪಂದ್ಯಗಳ ಸ್ಕೋರ್ ಬರೆದವರು. ಏಳನೇ ವಯಸ್ಸಿನಿಂದ ಅವಳು ಅವರ ಪಕ್ಕ ಕೂತು ಕಲಿತಳು. ಅಪ್ಪ ಕಣ್ಣು ಮಂಜಾಗಿ ಆ ಕೆಲಸ ಬಿಟ್ಟಾಗ ಆ ಮೇಜು ತನಗೆ ಬರಬಹುದೆಂದು ಕಾದಳು. ಹುಡುಗಿ ಬೇಡವೆಂದು ಕ್ಲಬ್ಬಿನವರು ಬೇರೆಯವರನ್ನು ಕೂರಿಸಿದರು. ಟೈಪಿಂಗ್ ಮೇಜಿನಿಂದ ರೇಟಿಂಗ್ ಮೇಜಿಗೆ ಬರಲು ಅವಳಿಗೆ ನಾಲ್ಕು ವರ್ಷ ಹಿಡಿಯಿತು. ಸೋಮವಾರ ಎಂಬುದು ಅವಳಿಗೆ ವಾರದ ಒಂದು ದಿನವಷ್ಟೇ ಆಗಿರಲಿಲ್ಲ.

ಪಕ್ಕದ ಮೇಜಿನ ಲಿಖಿತಾ ಪಿಸುಗುಟ್ಟಿದಳು. "ಅವನು ತೀರ್ಥಹಳ್ಳಿಲಿದಾನೆ ಅಕ್ಕ. ಹೈಸ್ಕೂಲ್ ಗ್ರೌಂಡಲ್ಲಿ ಟೂರ್ನಮೆಂಟು, ಅವನೇ ಸ್ಕೋರರ್. ರಜೆ ಮೊದಲೇ ಹಾಕಿದ್ದ. ಮ್ಯಾಚ್ ಮುಗಿಯೋತನಕ ಫೋನ್ ಆಫ್."

ಗಂಟೆ ಹತ್ತಾಗಿತ್ತು. ಪ್ರತಿಮಾ ಎರಡೂ ಚೀಟಿಗಳನ್ನು ಎತ್ತಿ ಪರ್ಸಿಗೆ ಹಾಕಿಕೊಂಡಳು.

"ಎಲ್ಲಿಗೆ?" ಎಂದರು ಮಧುಸೂದನರು.

"ನೋಟ್‌ಬುಕ್ ತರೋಕೆ."

*

ಬಸ್ಸು ಹೊಸನಗರ ದಾಟಿತು, ಹುಂಚ ದಾಟಿತು. ಕಿಟಕಿಯ ಪಕ್ಕ ಕೂತು ಪ್ರತಿಮಾ ಒಂದೇ ಪ್ರಶ್ನೆಯನ್ನು ತಿರುವಿ ಹಾಕುತ್ತಿದ್ದಳು. ಅವನು ತನ್ನ ತಪ್ಪನ್ನು ಮುಚ್ಚಬೇಕಿದ್ದರೆ ತನ್ನ ನೋಟ್‌ಬುಕ್ ಸುಡಬಹುದಿತ್ತು. ನನ್ನದು ಏಕೆ?

ಉತ್ತರ ಒಂದೇ ಹೊಳೆಯುತ್ತಿತ್ತು, ಅದು ಹಿತವಾಗಿರಲಿಲ್ಲ. ನಲವತ್ತೊಂದು ಎಂಬ ಸರಿಯಾದ ಅಂಕಕ್ಕೆ ಅವಳ ಪುಟಗಳೇ ಸಾಕ್ಷಿ. ಸಾಕ್ಷಿ ಇಲ್ಲವಾದರೆ ಅವನ ಎಂಬತ್ತೆಂಟನ್ನು ಸುಳ್ಳೆನ್ನುವವರು ಯಾರು? ಆರು ತಿಂಗಳ ಚೀಟಿಗಳು, ಚಹಾ, ಬನ್ಸ್, ಆ ನಗೆ. ಅವೆಲ್ಲ ಈ ಒಂದು ರಾತ್ರಿಗಾಗಿ ಅವಳ ಬಾಗಿಲವರೆಗೆ ಹಾಸಿದ ದಾರಿಯಾಗಿದ್ದರೆ?

ತೀರ್ಥಹಳ್ಳಿಯ ಮೈದಾನದ ಅಂಚಿನಲ್ಲಿ ಶಾಮಿಯಾನ, ಅದರಡಿ ಒಂದು ಮೇಜು. ಹರ್ಷ ತಲೆ ತಗ್ಗಿಸಿ ಸ್ಕೋರ್ ಬರೆಯುತ್ತಿದ್ದ. ಪಕ್ಕದಲ್ಲಿ ನಿವೃತ್ತ ಪಿ.ಟಿ. ಮೇಷ್ಟ್ರು ಗುತ್ಯಪ್ಪ, ಕೊರಳಲ್ಲಿ ಸೀಟಿ. ಅವಳನ್ನು ಮೊದಲು ಕಂಡವರು ಅವರೇ.

"ಮಾಸ್ತಪ್ಪನ ಮಗಳಲ್ವೇನೇ ನೀನು? ಬಾ ಬಾ. ಅಪ್ಪ ಹೆಂಗಿದಾನೆ? ಇನ್ನೂ ರೇಡಿಯೊ ಕಮೆಂಟ್ರಿಗೆ ಸ್ಕೋರ್ ಬರೀತಾನಾ?"

ಹರ್ಷನ ಪೆನ್ಸಿಲು ನಿಂತಿತು. ಅವನು ತಲೆ ಎತ್ತಿದ. ಅವಳನ್ನು ಕಂಡ ಕ್ಷಣ ಅವನ ಕಣ್ಣಲ್ಲಿ ಮೂಡಿದ್ದು ಭಯವಲ್ಲ, ಸಂತೋಷ. ಮರುಕ್ಷಣವೇ ಅದನ್ನು ಒಳಗೆಳೆದುಕೊಂಡ.

"ನೀವು ಬರಬಾರದಿತ್ತು."

"ನೋಟ್‌ಬುಕ್ ಕೊಡಿ."

"ನಾಲ್ಕು ಗಂಟೆ ಆಗ್ಲಿ. ಆಮೇಲೆ ಕೊಡ್ತೀನಿ."

"ಆಮೇಲೆ ನನಗೆ ಬೇಡ."

ಅಷ್ಟರಲ್ಲಿ ಇನಿಂಗ್ಸ್ ಮುಗಿದು, ಔಟಾಗದೆ ಉಳಿದಿದ್ದ ಬ್ಯಾಟ್ಸ್‌ಮನ್ ಒಬ್ಬ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಮೇಜಿಗೇ ಬಂದ. ಬೆವರು ಹಾಳೆಯ ಮೇಲೆ ತೊಟ್ಟಿಕ್ಕಿತು.

"ಮೇಷ್ಟ್ರೇ, ನಂದು ಮೂವತ್ತೊಂದು. ಬೋರ್ಡಲ್ಲಿ ಇಪ್ಪತ್ತೇಳು ಹಾಕಿದೀರಿ."

"ನಾಲ್ಕು ವೈಡ್ ಕಣೋ ಹೂವಯ್ಯ."

"ನಾನು ಬಿಟ್ಟಿದ್ದಕ್ಕೇ ಅಲ್ವಾ ವೈಡ್ ಆಗಿದ್ದು? ಬ್ಯಾಟ್ ಬೀಸಿ ತಾಗಿಸಿದ್ರೆ ಆಗ್ತಿತ್ತಾ?"

"ಬೌಲರ್ ಎಡವಟ್ಟು ಮಾಡಿದ್ದಕ್ಕೆ ನಿನಗ್ಯಾಕಪ್ಪ ರನ್ನು? ಪಕ್ಕದಲ್ಲಿ ಇತರೆ ಅಂತ ಒಂದು ಮನೆ ಕಟ್ಟಿರ್ತೀವಿ, ಅವು ಅಲ್ಲಿಗೆ ಹೋಗ್ತವೆ. ನಿನ್ನ ಅಪ್ಪನ ಕಾಲದಿಂದ್ಲೂ ಹಿಂಗೇ. ಹೋಗು, ನೀರು ಕುಡಿ."

ಹೂವಯ್ಯ ಗೊಣಗುತ್ತ ಹೋದ. ಗುತ್ಯಪ್ಪ ನಕ್ಕರು. "ನಿಮ್ಮಪ್ಪನೂ ಇದನ್ನೇ ಹೇಳೋನು ಅಲ್ವೇನೇ?"

ಪ್ರತಿಮಾ ಸ್ಕೋರ್ ಹಾಳೆಯ ಅಂಚಿನ ಆ ಮನೆಯನ್ನು ನೋಡಿದಳು.

ಬ್ಯಾಟ್ ಮಾಡುವವನು ಬಿಟ್ಟಿದ್ದು ಅವನ ಲೆಕ್ಕಕ್ಕಲ್ಲ ಮಗ, ಪಕ್ಕಕ್ಕೆ ಹಾಕು. ಏಳನೇ ವಯಸ್ಸಿನಲ್ಲಿ ಕಿವಿಗೆ ಬಿದ್ದ ಮಾತು. ಅಪ್ಪ ಅವಳ ಕೈ ಹಿಡಿದು ಹಾಳೆಯ ಅಂಚಿನಲ್ಲಿ ಒಂದು ಸಣ್ಣ ಚೌಕ ಹಾಕಿಸಿದ್ದರು. ಆ ಚೌಕವನ್ನು ಈಗಲೂ ಅವಳು ಕಣ್ಣುಮುಚ್ಚಿ ಹಾಕಬಲ್ಲಳು.

ಹಾಕಿದ್ದಳು ಕೂಡ. ಬುಧವಾರ.

ಅವಳು ಹರ್ಷನ ಮುಖ ನೋಡಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳಿಗೆ ಗೊತ್ತಾಯಿತೆಂದು ಅವನಿಗೆ ಗೊತ್ತಾಯಿತು.

"ಮೇಷ್ಟ್ರೇ," ಎಂದ ಅವನು, "ಎರಡನೇ ಇನಿಂಗ್ಸ್ ನೀವೇ ಬರ್ಕೊಳ್ತೀರಾ?"

*

ಹಿಂತಿರುಗುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಹೊರಟಾಗ ಒಂದೂಕಾಲು. ನೀಲಿ ನೋಟ್‌ಬುಕ್ ಅವಳ ಮಡಿಲಲ್ಲಿತ್ತು. ಬಹಳ ಹೊತ್ತು ಅವಳು ಅದನ್ನು ತೆರೆಯಲಿಲ್ಲ.

ತೆರೆದಾಗ ಎಲ್ಲವೂ ನೆನಪಿದ್ದಂತೆಯೇ ಇತ್ತು. ವೇಲ್‌ನ ತಂಡದ ಹಾಳೆಗಳು ಬುಧವಾರ ಸಂಜೆ ಐದಕ್ಕೆ ಬಂದಿದ್ದವು. ಉಳಿದ ತಂಡಗಳ ಅಂಕಿಗಳು ಸಿದ್ಧವಾಗಿ ಕೋಷ್ಟಕದಲ್ಲಿ ಬರುತ್ತವೆ. ಇವು ಮಾತ್ರ ಯಾರೋ ಮೈದಾನದ ಬದಿಯಲ್ಲಿ ಕೂತು ಕೈಯಲ್ಲಿ ಬರೆದ ಹಾಳೆಗಳು, ಒಂದೊಂದು ಎಸೆತವನ್ನೂ ಎಣಿಸಿಕೊಳ್ಳಬೇಕು. ಒಂದು ಗಂಟೆಯಲ್ಲಿ ಲಾಕ್. ಆ ಅವಸರದಲ್ಲಿ ಅವಳ ತಲೆ ಬೇಸ್‌ಬಾಲ್ ಎಣಿಸಿತ್ತು. ಕೈ ಮಾತ್ರ ಹೊಸನಗರದ ಕ್ರಿಕೆಟ್ ಬರೆದಿತ್ತು. ಪುಟದ ಬಲ ಅಂಚಿನಲ್ಲಿ ಸಣ್ಣ ಚೌಕ. ಅದರೊಳಗೆ ಎಪ್ಪತ್ತೊಂದು ಗೀಟುಗಳು.

ವೇಲ್ ಇಡೀ ಋತುವಿನಲ್ಲಿ ಸಂಪಾದಿಸಿದ ಎಪ್ಪತ್ತೊಂದು ವಾಕ್‌ಗಳು. ಅವನ ಆಟದ ಸತ್ವವೇ ಅದು. ಅದನ್ನು ವೈಡ್‌ಗಳಂತೆ ಪಕ್ಕದ ಮನೆಗೆ ತಳ್ಳಿ, ಉಳಿದದ್ದಕ್ಕೆ ನಲವತ್ತೊಂದು ಕೊಟ್ಟಿದ್ದಳು. ಅವಸರದಲ್ಲಿ ಚೀಟಿ ತೆರೆಯುವುದೂ ತಪ್ಪಿತ್ತು. ಹಿರಿಯಳೆಂದು ಅವಳ ಅಂಕವೇ ಲಾಕ್ ಆಗಿತ್ತು.

"ಯಾವಾಗ ಗೊತ್ತಾಯ್ತು ನಿಮಗೆ?"

"ಬುಧವಾರ ರಾತ್ರಿ. ಮನೇಲಿ ಕೂತು ಪಟ್ಟಿ ನೋಡ್ತಿದ್ದೆ. ನನ್ನ ಚೀಟೀಲಿ ಎಂಬತ್ತೆಂಟು, ಪಟ್ಟೀಲಿ ನಲವತ್ತೊಂದು. ನಿಮ್ಮ ಅಂಕ ನನಗಿಂತ ಅಷ್ಟು ದೂರ ಯಾವತ್ತೂ ಹೋಗಿಲ್ಲ. ಪುಟ ನೋಡೋದೇ ಬೇಕಿರಲಿಲ್ಲ. ನಾನೂ ಸ್ಕೋರರ್ರೇ ಅಲ್ವಾ."

"ಮಧುಸೂದನ ಸರ್‌ಗೆ ಹೇಳಬಹುದಿತ್ತು."

"ಹೇಳಿದ್ರೆ ನಿಮ್ಮ ಹೆಸರಿಗೆ ಮೂರನೇದು. ಅಂಕ ಸರಿಯಾದ್ರೆ ಸಾಕು, ಯಾರೂ ನೋಡಲ್ಲ ಅಂದ್ಕೊಂಡೆ. ಪ್ರತಿ ತೆಗೆದಿಡ್ತಾರೆ ಅಂತ ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಸರ್ ಫೋನಲ್ಲಿ ಎಲ್ಲರ ನೋಟ್‌ಬುಕ್ ಕೇಳ್ತೀನಿ ಅಂದಾಗ, ನಿಮ್ಮ ಪುಟದಲ್ಲಿ ಆ ಚೌಕ ಇರುತ್ತೆ ಅಂತ ಹೊಳೀತು."

"ಬಾಗಿಲಲ್ಲಿ ನಿಂತಾಗಲಾದ್ರೂ ಹೇಳಬಹುದಿತ್ತು."

"ಹೇಳಿದ್ರೆ ನೀವು ಬೆಳಿಗ್ಗೆ ಹೋಗಿ ಒಪ್ಕೊಂಡು ಬರ್ತಿದ್ರಿ. ನಿಮ್ಮನ್ನ ಆರು ತಿಂಗಳು ನೋಡಿದೀನಿ."

ಅವಳು ನೋಟ್‌ಬುಕ್ ಮುಚ್ಚಿದಳು. ದನಿ ಏರಿಸಲಿಲ್ಲ, ಏರಿಸಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ರಾತ್ರಿ ಬಂದು ನೋಟ್‌ಬುಕ್ ತಗೊಂಡು ಹೋದ್ರಿ, ಅದನ್ನ ಬಿಡ್ತೀನಿ. ನನ್ನ ತಪ್ಪನ್ನೂ ತಗೊಂಡು ಹೋದ್ರಲ್ಲ, ಅದನ್ನ ಹೇಗೆ ಬಿಡಲಿ? ಅದು ನಂದು ಹರ್ಷ. ಕೊಡೋಕೆ ಆಗಲಿ ಇಟ್ಕೊಳ್ಳೋಕೆ ಆಗಲಿ ನನ್ನನ್ನ ಕೇಳ್ಬೇಕಿತ್ತು. ಇವತ್ತು ಬೆಳಿಗ್ಗೆ ಈ ಬಸ್ಸಲ್ಲಿ ಕೂತು ನಿಮ್ಮನ್ನ ಏನೇನು ಅಂದ್ಕೊಂಡೆ ಗೊತ್ತಾ? ಆರು ತಿಂಗಳದ್ದೆಲ್ಲ ನಾಟಕ ಅಂದ್ಕೊಂಡೆ."

ಅವನು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದ.

"ನಿಮ್ಮ ಅಂಕ ಕೇಳಿದ್ರಲ್ಲ ಒಂದು ದಿನ. ಸ್ಯಾಂಪಲ್ ಸಾಲದು ಅಂದಿದ್ದು ಸುಳ್ಳು."

"ಮತ್ತೆ?"

"ಒಲವಿದ್ದೋರು ಹಿಂದೆ ಸರೀಬೇಕು ಅಂತ ನಿಯಮ ಇದೆಯಲ್ಲ. ನಿಮ್ಮ ವಿಷಯದಲ್ಲಿ ನಾನು ಮೊದಲನೇ ವಾರವೇ ಆ ಫಾರಂ ತುಂಬಿಬಿಟ್ಟಿದೀನಿ. ನನ್ನ ಅಂಕ ಲೆಕ್ಕಕ್ಕೆ ಬರಲ್ಲ."

ಬಸ್ಸು ತಿರುವಿನಲ್ಲಿ ಓರೆಯಾಯಿತು. ಅವನ ಭುಜ ಅವಳ ಭುಜಕ್ಕೆ ತಾಗಿತು. ರಸ್ತೆ ನೇರವಾದ ಮೇಲೂ ಅವಳು ಸರಿದು ಕೂರಲಿಲ್ಲ. ಕಿಟಕಿಯ ಬಿಸಿಲು ಅವಳ ಮುಂಗೈ ಮೇಲೆ ಬಂದು, ಅವನ ಮುಂಗೈಗೆ ದಾಟಿ, ಮತ್ತೆ ಅವಳ ಕಡೆಗೆ ಬಂತು.

"ನಿಮ್ಮ ಸಂಯಮದ ಅಂಕ ಇಳಿಸ್ತಿದೀನಿ," ಎಂದಳು ಅವಳು ಹೊರಗೆ ನೋಡುತ್ತ.

"ಎಷ್ಟಕ್ಕೆ?"

"ಅದನ್ನ ಬೇರೆಯವರನ್ನ ಕೇಳಿ. ನಾನೂ ಫಾರಂ ತುಂಬಿದೀನಿ."

ಅವನು ತಿರುಗಿ ನೋಡಿದ. ಅವಳು ತಿರುಗಲಿಲ್ಲ, ಆದರೆ ಕಿವಿಯ ಅಂಚು ಕೆಂಪಾಗಿತ್ತು, ಅದನ್ನು ಮರೆಸಲು ಇಂದು ಚಹಾದ ಲೋಟವೂ ಇರಲಿಲ್ಲ.

ಹುಂಚದಲ್ಲಿ ಬಸ್ಸು ನಿಂತಿತು. ಡ್ರೈವರ್ ಇಳಿದು ಹೋಟೆಲಿನತ್ತ ನಡೆದ. ಐದು ನಿಮಿಷ, ಎಂಟು, ಹನ್ನೊಂದು. ಅವಳು ಗಡಿಯಾರ ನೋಡುತ್ತಿದ್ದಳು. ಅವನು ಮಾತ್ರ ಈ ಬಸ್ಸು ಇಲ್ಲಿಯೇ ನಿಂತುಬಿಡಲಿ ಎಂಬಂತೆ ಕೂತಿದ್ದ.

"ಪ್ರತಿಮಾ, ಒಂದು ಮಾತು ಕೇಳು." ಮೊದಲ ಸಲ ಏಕವಚನ. ಅವನಿಗೇ ಅದು ತಡವಾಗಿ ತಿಳಿಯಿತು. "ಚೀಟೀಲಿ ನನ್ನ ಹೆಸರು ಬರಿ. ನಾನು ಈಗಾಗಲೇ ಒಪ್ಕೊಂಡಿದೀನಿ. ಲಾಕ್ ಮುರಿದಿದ್ದು ಸುಳ್ಳೇನಲ್ಲವಲ್ಲ. ನಂಗೆ ಸ್ಕೋರ್ ಬರೆಯೋ ಮೈದಾನ ನೂರಿವೆ. ನಿಂಗೆ ಆ ಕ್ಲಬ್ಬಿನವರು ಒಂದು ಮೇಜೂ ಕೊಡಲಿಲ್ಲ. ಸೋಮವಾರದ್ದು ಬಿಡಬೇಡ."

"ನೂರು ಮೈದಾನ ಇದ್ರೂ, ಅಂಕ ತಿದ್ದಿದೋನು ಅಂತ ಹೆಸರು ಬಂದ್ರೆ ಯಾವ ಮೇಜಿಗೆ ಕರೀತಾರೆ?"

"ಅದು ನನಗಿರಲಿ. ಮಾತು ಕೊಡು."

ಡ್ರೈವರ್ ಬಂದು ಕೂತ. ಬಸ್ಸು ಗುಡುಗಿ ಹೊರಟಿತು. ಆ ಸದ್ದಿನಲ್ಲಿ ಅವಳು ಏನನ್ನಾದರೂ ಹೇಳಿದಳೋ ಇಲ್ಲವೋ ಅವನಿಗೆ ಕೇಳಿಸಲಿಲ್ಲ. ಅವಳ ಕೈ ಮಾತ್ರ ನೋಟ್‌ಬುಕ್ಕಿನ ಮೇಲಿಂದ ಎದ್ದು, ಅವನ ಕೈ ಮೇಲೆ ಬಂದು ಕೂತಿತು. ಅದನ್ನು ಅವನು ಒಪ್ಪಿಗೆಯೆಂದು ತಿಳಿದುಕೊಂಡ.

*

ನಾಲ್ಕಕ್ಕೆ ಎಂಟು ನಿಮಿಷವಿದ್ದಾಗ ಇಬ್ಬರೂ ಮೆಟ್ಟಿಲು ಹತ್ತಿದರು. ಆಫೀಸಿನಲ್ಲಿ ಕೀಬೋರ್ಡಿನ ಸದ್ದು ನಿಂತಿತು. ಲಿಖಿತಾ ಅರ್ಧ ಎದ್ದು ಮತ್ತೆ ಕೂತಳು.

ಮಧುಸೂದನರು ಇಬ್ಬರನ್ನೂ ಎದುರು ಬದುರು ಕೂರಿಸಿದರು. ಅದೇ ಮೇಜು, ಅದೇ ಕುರ್ಚಿಗಳು. ಆರು ತಿಂಗಳ ಸಂಜೆಗಳಲ್ಲಿ ನಗುತ್ತ ಚೀಟಿ ತೆರೆದಿದ್ದ ಜಾಗ.

"ಒಬ್ಬರು ಬರೆದದ್ದು ಇನ್ನೊಬ್ಬರು ನೋಡೋ ಹಂಗಿಲ್ಲ. ಹೊಸ ನಿಯಮ ಏನಲ್ಲ, ದಿನಾ ಮಾಡೋದೇ."

ಪ್ರತಿಮಾ ಪರ್ಸಿನಿಂದ ಎರಡು ಚೀಟಿ ತೆಗೆದು ಒಂದನ್ನು ಅವನತ್ತ ಸರಿಸಿದಳು. ಹರ್ಷ ತಡಮಾಡಲಿಲ್ಲ. ಬರೆದ, ಮಡಚಿದ, ಮುಂದಿಟ್ಟ. ತಲೆ ಎತ್ತಿ ಅವಳತ್ತ ನೋಡಿದ. ಆ ನೋಟದಲ್ಲಿ ಬಸ್ಸಿನ ಬೇಡಿಕೆ ಇನ್ನೂ ಇತ್ತು.

ಅವಳ ಪೆನ್ನು ಕಾಗದದ ಮೇಲೆ ನಿಂತಿತ್ತು. ಗೋಡೆಯ ಮೇಲೆ ಸೋಮವಾರದ ಪಟ್ಟಿ ಅಂಟಿಸಲಾಗಿತ್ತು. ಮೊದಲ ಸಾಲಿನಲ್ಲಿ, ದಪ್ಪ ಅಕ್ಷರಗಳಲ್ಲಿ, ಅವಳ ಹೆಸರು. ಅವಳು ಅದನ್ನು ಒಮ್ಮೆ ಪೂರ್ತಿಯಾಗಿ ಓದಿದಳು. ನಂತರ ಎದುರಿಗಿದ್ದವನ ಹುಬ್ಬಿನ ಮೇಲೆ ನಿನ್ನೆಯಂತೆಯೇ ಕೂತಿದ್ದ ಧೂಳನ್ನು ನೋಡಿದಳು.

ಅವಳು ಒಂದೇ ಸಾಲು ಬರೆದಳು. ಚೀಟಿ ಮಡಚಿ ನೀಲಿ ನೋಟ್‌ಬುಕ್ಕಿನ ಮೇಲಿಟ್ಟು, ಎರಡನ್ನೂ ಮಧುಸೂದನರ ಮುಂದೆ ಸರಿಸಿದಳು.

ನೋಟ್‌ಬುಕ್ ಮುಂದಕ್ಕೆ ಹೋದದ್ದನ್ನು ಕಂಡು 'ಬೇಡ' ಎನ್ನುವಂತೆ ಹರ್ಷನ ಕೈ ಮೇಜಿನ ಮೇಲೆ ಅರ್ಧ ಚಾಚಿತು. ಅವಳು ಆ ಕೈಯನ್ನು ಎಲ್ಲರೆದುರು ಹಿಡಿದುಕೊಂಡಳು. ಬಿಡಲಿಲ್ಲ.

ಗಡಿಯಾರದಲ್ಲಿ ನಾಲ್ಕು. ಮಧುಸೂದನರು ಮೊದಲ ಚೀಟಿ ತೆರೆದು ಓದಿದರು: "ಹರ್ಷವರ್ಧನ."

ಅವರು ನಿಟ್ಟುಸಿರುಬಿಟ್ಟು ಎರಡನೆಯದನ್ನು ತೆಗೆದರು. ಅದರಲ್ಲಿ ಸ್ಕೋರರ್‌ನ ಗುಂಡಾದ, ತಿದ್ದಿಲ್ಲದ ಕೈಬರಹ.

"ವೇಲ್‌ನ ಎಪ್ಪತ್ತೊಂದು ವಾಕ್‌ಗಳನ್ನು ಲೆಕ್ಕದಿಂದ ಹೊರಗಿಟ್ಟವಳು: ಪ್ರತಿಮಾ ಮಾಸ್ತಪ್ಪ."